ಅಕ್ಷರರಾಶಿಯಲ್ಲಿ ಪದವನ್ನು ಅರಸಿದ ಅಲನ್ ಟ್ಯೂರಿಂಗ್

ಸಾವಿರ ಪುಟಗಳ ಬರಹವೊಂದರಲ್ಲಿ ಬೇಕಾದ ಪದವು ಎಲ್ಲಿದೆಯೆಂದು ತಿಳಿಯಬೇಕಾದರೆ ನಮ್ಮ ಹಿರಿಯರು ಹಗಲಿರುಳು ಪುಟಗಳನ್ನು ಮಗುಚಬೇಕಾಗಿತ್ತು. ಇಂದು ಕಂಪ್ಯೂಟರಿಗೆ ಆ ಪದವನ್ನು ಕೊಟ್ಟರೆ ಸಾಕು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದರ ಠಾವನ್ನು ತೋರಿಸಿಬಿಡುತ್ತದೆ. ಯಂತ್ರಕ್ಕೆ ಪದದ ಅರ್ಥ ತಿಳಿಯದು. ಅಕ್ಷರಗಳ ಸಾಲು ಮಾತ್ರ ತಿಳಿಯುವುದು. ಆದುದರಿಂದ 'ಮರ' ಎಂದು ಹುಡುಕಲು ಹೇಳಿದರೆ ಅದು ತೋಟದ ಮರವನ್ನಷ್ಟೇ ಅಲ್ಲ, 'ಸಮರ', 'ಅಮರ', 'ಚಾಮರ', 'ಪಾಮರ' ಎಂಬ ಪದಗಳ ಒಡಲಲ್ಲಿ ಅಡಗಿರುವ 'ಮರ'ವನ್ನೂ ಎತ್ತಿ ತೋರಿಸುತ್ತದೆ.

ಪ್ರೋಗ್ರಾಮು ಬರೆಯುವವರು ಬಳಸುವ ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಈ ಕೆಲಸಕ್ಕೆಂದೇ ಸಿದ್ಧವಾದ ಆಜ್ಞೆಗಳಿವೆ. ಅಲ್ಲಿ ಎಣಿಕೆಯು ಸೊನ್ನೆಯಿಂದ ಆರಂಭವಾಗುವುದರಿಂದ, 'ಸಮರ'ದಲ್ಲಿ 'ಮರ' ಎಲ್ಲಿದೆಯೆಂದು ಕೇಳಿದರೆ 1 ಎಂಬ ಉತ್ತರ ಬರುವುದು. 'ಕಮಲ'ದಲ್ಲಿ ಕೇಳಿದರೆ ಮೈನಸ್ 1 ಎಂದು ಬರುವುದು. ಹಾಗೆಂದರೆ ಇಲ್ಲವೆಂದು ಅರ್ಥ. ಈ 'ಇಲ್ಲ'ವನ್ನು ಸೋಲಿನ ಮಾತೆಂದು ಭಾವಿಸಲಾಗದು. ಸರಿಯಾಗಿ ನೋಡಿ ಹೇಳಿದ 'ಇಲ್ಲ'ಕ್ಕೆ 'ಇದೆ' ಎಂಬುದಕ್ಕಿರುವಷ್ಟೇ ಬೆಲೆಯಿದೆ. ಈ ತತ್ತ್ವವನ್ನು ಆಳವಾಗಿ ಅರಿತು, ಅದರ ಬಲದಿಂದ ಮಹಾಯುದ್ಧವೊಂದರಲ್ಲಿ ತಮ್ಮ ನಾಡನ್ನು ಕಾಯಲು ನೆರವಾಗಿ, ಕೊನೆಗೆ ಅದೇ ನಾಡಿನ ಕಾನೂನಿನಿಂದ ನೋವುಂಡು 41ನೆಯ ವಯಸ್ಸಿನಲ್ಲಿ ತೀರಿಕೊಂಡ ಅಲನ್ ಮ್ಯಾಥಿಸನ್ ಟ್ಯೂರಿಂಗರ ಜೀವನವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಮದರಾಸು ಪ್ರಾಂತದ ನಂಟು

ಟ್ಯೂರಿಂಗರು 1912ನೆಯ ಜೂನ್ 23ರಂದು ಲಂಡನ್ನಿನ ಮೈಡಾ ವೇಲ್ ಎಂಬಲ್ಲಿ ಜನಿಸಿದರು. ಹುಟ್ಟಿದ್ದು ಅಲ್ಲಿಯಾದರೂ ಅವರ ಮನೆತನದ ಬೇರುಗಳು ನಮ್ಮ ದೇಶದಲ್ಲಿ ಹರಡಿಕೊಂಡಿದ್ದವು. ತಂದೆ ಜೂಲಿಯಸ್ ಟ್ಯೂರಿಂಗರು ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದರು. ತಾಯಿ ಸಾರಾ ಹುಟ್ಟಿದ್ದು ಕೊಯಮುತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿಯವರು ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರರು. ಅಣ್ಣ ಜಾನ್ 1908ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿದನು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಅಂದು ಇದೇ ಪ್ರಾಂತಕ್ಕೆ ಸೇರಿದ್ದುವೆಂಬುದನ್ನು ಹಿರಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ.

ಭಾರತದ ಬಿಸಿಲು ಮಕ್ಕಳಿಗೆ ಒಗ್ಗದೆಂಬ ಭಯದಿಂದ ತಂದೆತಾಯಿಗಳು ಇಬ್ಬರು ಹುಡುಗರನ್ನೂ ಇಂಗ್ಲೆಂಡಿನ ಕಡಲ ದಡದ ಊರೊಂದರಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯಲ್ಲಿ ಬಿಟ್ಟಿದ್ದರು. ದುಡಿಮೆ ಒಂದು ಊರಲ್ಲಿ, ಮಕ್ಕಳು ಮತ್ತೊಂದು ಊರಲ್ಲಿ ಎಂಬ ಬಾಳಿನ ಕಷ್ಟ ಎಂತಹುದೆಂದು ಊರು ಬಿಟ್ಟು ಬಂದ ನಮ್ಮವರಿಗೆ ವಿವರಿಸುವುದು ಅನಗತ್ಯ. ಅಲನ್ ತನ್ನ ಪಾಡಿಗೆ ತಾನು ಯೋಚಿಸುವ ಹುಡುಗನಾಗಿ ಬೆಳೆದನು.

1926ರಲ್ಲಿ ಆತನನ್ನು ಶೆರ್ಬರ್ನ್ ಎಂಬಲ್ಲಿಯ ವಸತಿಶಾಲೆಗೆ ಸೇರಿಸಲಾಯಿತು. ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ ಆರಂಭವಾಗಿ ರೈಲುಗಳು ನಿಂತುಹೋದುವು. ಇನ್ನೂ 14 ತುಂಬದ ಹುಡುಗನು ಸೌತಾಂಪ್ಟನ್ ಬಂದರಿನಲ್ಲಿಳಿದು, ದಾರಿಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ತಂಗಿ, ಸುಮಾರು 60 ಮೈಲು ಸೈಕಲ್ ತುಳಿದು ಶಾಲೆ ಸೇರಿದನು. ಅಲ್ಲಿ ಕ್ರಿಸ್ಟಫರ್ ಮಾರ್ಕಮ್ ಎಂಬ ಹಿರಿಯ ವಿದ್ಯಾರ್ಥಿಯು ಅವನಿಗೆ ಪ್ರಾಣಸ್ನೇಹಿತನಾದನು. ಗಣಿತ, ವಿಜ್ಞಾನಗಳ ಚರ್ಚೆಯಲ್ಲಿ ಇಬ್ಬರೂ ಮೈಮರೆಯುತ್ತಿದ್ದರು. 1930ನೆಯ ಫೆಬ್ರುವರಿಯಲ್ಲಿ ಮಾರ್ಕಮ್ ಕ್ಷಯರೋಗದಿಂದ ಅಕಾಲ ಮರಣಕ್ಕೆ ತುತ್ತಾದನು. ಗೆಳೆಯನು ಮಾಡಬೇಕಾಗಿದ್ದ ಕಾರ್ಯವನ್ನು ತಾನು ಮಾಡಬೇಕೆಂಬ ಭಾವನೆಯು ಅಂದಿನಿಂದ ಅಲನ್‌ನ ಮನಸ್ಸಿನಲ್ಲಿ ನೆಲೆಯಾಯಿತು.

ಹುಡುಕುವ ಯಂತ್ರದ ಕಲ್ಪನೆ

1931ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದ ಟ್ಯೂರಿಂಗರು 1935ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿಯೇ ಆ ಕಾಲೇಜಿನ ಫೆಲೋ ಆಗಿ ಚುನಾಯಿತರಾದರು. ಮರುವರ್ಷ, ಎಂದರೆ 1936ರಲ್ಲಿ, ಅವರ ಹೆಸರನ್ನು ಚಿರಸ್ಥಾಯಿಗೊಳಿಸಿದ ಪ್ರಬಂಧವು ಸಿದ್ಧವಾಯಿತು. ಗಣಿತದ ಯಾವುದೇ ಹೇಳಿಕೆಯನ್ನು ಕೊಟ್ಟರೂ ಅದನ್ನು ಸಾಧಿಸಲು ಸಾಧ್ಯವೇ ಅಲ್ಲವೇ ಎಂದು ನಿಶ್ಚಯಿಸಿ ಹೇಳುವ ಒಂದು ಕಟ್ಟುನಿಟ್ಟಿನ ವಿಧಾನವಿದೆಯೇ ಎಂದು ಜರ್ಮನಿಯ ಗಣಿತಜ್ಞ ಹಿಲ್ಬರ್ಟರು ಕೇಳಿದ್ದರು. ಅಂತಹ ವಿಧಾನವು ಇರಲಾರದೆಂದು ಟ್ಯೂರಿಂಗರು ತೋರಿಸಿಕೊಟ್ಟರು. ಅಮೆರಿಕದ ಅಲೊಂಜೊ ಚರ್ಚರೂ ಅದೇ ವರ್ಷ ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂದಿದ್ದರು.

ಇದನ್ನು ಸಾಧಿಸಲು ಟ್ಯೂರಿಂಗರು ಮನಸ್ಸಿನಲ್ಲಿಯೇ ಒಂದು ಯಂತ್ರವನ್ನು ಕಟ್ಟಿದರು. ಚೌಕಗಳಾಗಿ ಭಾಗಿಸಿದ ಉದ್ದನೆಯ ಪಟ್ಟಿ, ಚೌಕಕ್ಕೊಂದು ಗುರುತು, ಒಂದು ಸಲಕ್ಕೆ ಒಂದೇ ಚೌಕವನ್ನು ನೋಡಿ, ಗುರುತನ್ನು ಓದಿ, ಬೇಕಾದರೆ ಅಳಿಸಿ ಬೇರೆ ಬರೆದು, ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯುವ ಯಂತ್ರ. ಇಷ್ಟು ಬಡ ಸಲಕರಣೆಯಿಂದ ಮನುಷ್ಯನು ನಿಯಮಬದ್ಧವಾಗಿ ಮಾಡಬಲ್ಲ ಲೆಕ್ಕವನ್ನೆಲ್ಲ ಮಾಡಬಹುದೆಂದು ಅವರು ವಾದಿಸಿದರು.

ಆ ಪ್ರಬಂಧದಲ್ಲಿ ಮತ್ತೆ ಮತ್ತೆ ಬೇಕಾಗುವ ಸಣ್ಣ ಕೆಲಸಗಳನ್ನು ಒಂದೇ ಸಲ ಬರೆದಿಟ್ಟು ಬೇಕಾದಲ್ಲಿ ಕರೆದುಕೊಳ್ಳುವ ಏರ್ಪಾಡೊಂದಿದೆ. ಅವುಗಳಲ್ಲಿ ಮೊತ್ತಮೊದಲನೆಯದು ಹುಡುಕುವ ಕೆಲಸ. ಪಟ್ಟಿಯಲ್ಲಿ ಎಡಕೊನೆಯಿಂದ ನೋಡುತ್ತ ಬಂದು ಬೇಕಾದ ಗುರುತು ಮೊದಲು ಎಲ್ಲಿ ಸಿಗುವುದೋ ಅಲ್ಲಿ ನಿಲ್ಲಬೇಕು. ಸಿಕ್ಕಿದರೆ ಮುಂದಿನ ಕೆಲಸ ಒಂದು, ಸಿಗದಿದ್ದರೆ ಮುಂದಿನ ಕೆಲಸ ಇನ್ನೊಂದು. ಎರಡು ದಾರಿಗಳನ್ನೂ ಅವರು ಮೊದಲೇ ಹಾಕಿಕೊಟ್ಟಿದ್ದರು. ಇಂದಿನ ಪ್ರೋಗ್ರಾಮುಗಳಲ್ಲಿ ಪದವು ಸಿಗದಿದ್ದಾಗ ಬರುವ ಮೈನಸ್ 1ರ ಹಿಂದಿರುವ ವಿಚಾರವನ್ನು, ಕಂಪ್ಯೂಟರೇ ಇಲ್ಲದಿದ್ದ ಆ ಕಾಲದಲ್ಲಿಯೇ ನಾವು ಆ ಪುಟಗಳಲ್ಲಿ ಕಾಣಬಹುದಾಗಿದೆ.

ಎನಿಗ್ಮಾ ಎಂಬ ಒಗಟು

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಚರ್ಚರ ಬಳಿ ವ್ಯಾಸಂಗ ಮಾಡಿ 1938ರಲ್ಲಿ ಡಾಕ್ಟರೇಟ್ ಪಡೆದ ಟ್ಯೂರಿಂಗರು ತಾಯ್ನಾಡಿಗೆ ಮರಳಿದರು. 1939ನೆಯ ಸೆಪ್ಟೆಂಬರ್ 3ರಂದು ಬ್ರಿಟನ್ನು ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ಟ್ಯೂರಿಂಗರು ಲಂಡನ್ನಿನಿಂದ ಸುಮಾರು 50 ಮೈಲು ದೂರದ ಬ್ಲೆಚ್ಲೀ ಪಾರ್ಕ್ ಎಂಬ ಬಂಗಲೆಯಲ್ಲಿ ಹಾಜರಾದರು. ಶತ್ರುಗಳ ಗುಪ್ತಸಂದೇಶಗಳನ್ನು ಬಿಡಿಸುವ ಸರಕಾರಿ ಕಾರ್ಯಾಲಯವು ಅಲ್ಲಿತ್ತು.

ಜರ್ಮನರು ತಮ್ಮ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗುಪ್ತಲಿಪಿಗೆ ಇಳಿಸುತ್ತಿದ್ದರು. ನೋಡಲು ಅದು ಟೈಪ್‌ರೈಟರಿನಂತಿತ್ತು. ಒಂದು ಅಕ್ಷರವನ್ನು ಒತ್ತಿದರೆ ತಿರುಗುವ ಮೂರು ಚಕ್ರಗಳ ಮೂಲಕ ವಿದ್ಯುತ್ತು ಹಾಯ್ದು ಬೇರೊಂದು ಅಕ್ಷರದ ದೀಪ ಹತ್ತುತ್ತಿತ್ತು. ಒತ್ತಿದಾಗಲೆಲ್ಲ ಚಕ್ರ ತಿರುಗುವುದರಿಂದ ಅದೇ ಅಕ್ಷರವನ್ನು ಮತ್ತೆ ಒತ್ತಿದರೆ ಮತ್ತೊಂದು ದೀಪ. ಸೇನೆಯ ಯಂತ್ರವನ್ನು ಅಣಿಗೊಳಿಸಬಹುದಾದ ರೀತಿಗಳ ಸಂಖ್ಯೆಯು 1ರ ಮುಂದೆ 20 ಸೊನ್ನೆಗಳನ್ನಿಟ್ಟಾಗ ಬರುವ ಸಂಖ್ಯೆಗಿಂತಲೂ ದೊಡ್ಡದು. ಅಣಿಯು ಪ್ರತಿದಿನವೂ ಬದಲಾಗುತ್ತಿತ್ತು.

ಈ ಯಂತ್ರದ ರಹಸ್ಯವನ್ನು ಮೊದಲು ಭೇದಿಸಿದ ಕೀರ್ತಿಯು ಪೋಲೆಂಡಿನ ಗಣಿತಜ್ಞರಿಗೆ ಸಲ್ಲತಕ್ಕದ್ದು. ಮರಿಯನ್ ರೆಯೆವ್‌ಸ್ಕಿಯವರು 1932ರಲ್ಲಿಯೇ ಅದರ ಒಳಗಣ ತಂತಿಗಳ ಕ್ರಮವನ್ನು ಲೆಕ್ಕದಿಂದ ಕಂಡುಹಿಡಿದಿದ್ದರು. ಯುದ್ಧಕ್ಕೆ ಕೆಲವೇ ವಾರಗಳ ಮುಂಚೆ, 1939ನೆಯ ಜುಲೈಯಲ್ಲಿ, ಪೋಲೆಂಡಿನವರು ತಮ್ಮ ವಿದ್ಯೆಯನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಧಾರೆಯೆರೆದರು. ಆ ಬಳಿಕ ಜರ್ಮನರು ತಮ್ಮ ಪದ್ಧತಿಗಳನ್ನು ಬದಲಿಸಿದಾಗ ಹೊಸ ದಾರಿಯು ಬೇಕಾಯಿತು. ಅದನ್ನು ಹಾಕಿಕೊಟ್ಟವರು ಟ್ಯೂರಿಂಗರು.

ಸಾಲಿನಲ್ಲಿ ಪದವನ್ನು ಸರಿಸುವ ಕ್ರಮ

ಅವರ ದಾರಿಯ ಮೊದಲ ಮೆಟ್ಟಿಲೇ ಅಕ್ಷರಗಳ ಸಾಲಿನಲ್ಲಿ ಪದವನ್ನು ಹುಡುಕುವುದಾಗಿತ್ತು. ಜರ್ಮನರ ಹವಾಮಾನ ವರದಿಗಳು ದಿನವೂ ಒಂದೇ ಧಾಟಿಯಲ್ಲಿ ಬರುತ್ತಿದ್ದುದರಿಂದ ಅವುಗಳಲ್ಲಿ ಹವಾಮಾನವೆಂಬ ಪದವು ಇದ್ದೇ ಇರಬೇಕೆಂದು ಊಹಿಸಬಹುದಾಗಿತ್ತು. ವಿಶೇಷವೇನೂ ಇಲ್ಲವೆಂದು ತಿಳಿಸುವ ಠಾಣೆಗಳು ನಿತ್ಯವೂ ಅದೇ ಮಾತನ್ನು ಕಳುಹಿಸುತ್ತಿದ್ದವು. ಹೀಗೆ ಇರಲೇಬೇಕೆಂದು ಊಹಿಸಿದ ತುಣುಕನ್ನು ಬ್ಲೆಚ್ಲೀಯವರು 'ಕ್ರಿಬ್' ಎಂದು ಕರೆಯುತ್ತಿದ್ದರು. ತುಣುಕು ಇದೆ; ಆದರೆ ಉದ್ದನೆಯ ಗುಪ್ತಸಾಲಿನಲ್ಲಿ ಯಾವ ಠಾವಿನಲ್ಲಿದೆ?

ಎನಿಗ್ಮಾದ ರಚನೆಯಲ್ಲಿದ್ದ ಒಂದು ದೋಷವು ಇಲ್ಲಿ ಸಹಾಯಕ್ಕೆ ಬಂತು. ಅದರಲ್ಲಿ ಯಾವ ಅಕ್ಷರವೂ ಎಂದೆಂದಿಗೂ ತಾನೇ ಆಗಿ ಹೊರಬರುವಂತಿರಲಿಲ್ಲ. ವಾಚಕರಿಗೆ ಸುಲಭವಾಗುವಂತೆ ಕನ್ನಡದಲ್ಲಿಯೇ ಉದಾಹರಣೆ ಕೊಡುತ್ತೇವೆ. ಗುಪ್ತಸಾಲು 'ಸ ತ ಮ ಗ ರ ಲ ರ' ಎಂದಿರಲಿ. ಅದರೊಳಗೆ 'ಸಮರ' ಎಂಬ ಪದ ಅಡಗಿದೆಯೆಂದು ನಮ್ಮ ಊಹೆ. ಪದವನ್ನು ಮೊದಲನೆಯ ಠಾವಿನ ಕೆಳಗಿಟ್ಟರೆ 'ಸ'ದ ಕೆಳಗೆ 'ಸ' ಬರುವುದು, ಸಲ್ಲದು. ಒಂದು ಮನೆ ಸರಿಸಿದರೆ 'ಮ'ದ ಕೆಳಗೆ 'ಮ', ಅದೂ ಸಲ್ಲದು. ಮತ್ತೊಂದು ಮನೆ ಸರಿಸಿದರೆ 'ರ'ದ ಕೆಳಗೆ 'ರ', ಅದೂ ಹೋಯಿತು. ನಾಲ್ಕನೆಯ ಠಾವಿನಲ್ಲಿ 'ಗ ರ ಲ'ಗಳ ಕೆಳಗೆ 'ಸ ಮ ರ' ಬಂದು ಎಲ್ಲಿಯೂ ತಾಗುವುದಿಲ್ಲ. ಐದನೆಯದರಲ್ಲಿ ಮತ್ತೆ 'ರ'ದ ಕೆಳಗೆ 'ರ'. ಐದು ಠಾವುಗಳಲ್ಲಿ ನಾಲ್ಕನ್ನು ಕಳೆದು ಒಂದೇ ಉಳಿಯಿತು!

ಗುಪ್ತಲಿಪಿಯ ಒಂದಕ್ಷರದ ಅರ್ಥವೂ ತಿಳಿಯದೆ ಪದದ ಠಾವನ್ನು ಗುರುತಿಸಿದ ಈ ಕ್ರಮವನ್ನು ವಾಚಕರು ಗಮನಿಸಬೇಕು. ಊಹೆಯ ತುಣುಕು ಉದ್ದವಾದಷ್ಟೂ ಲಾಭ ಹೆಚ್ಚು. 26 ಅಕ್ಷರಗಳ ಆ ಲಿಪಿಯಲ್ಲಿ 20 ಅಕ್ಷರಗಳ ತುಣುಕನ್ನಿಟ್ಟು ನೋಡಿದರೆ ಸರಾಸರಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಠಾವುಗಳು ಹಾಗೆಯೇ ಬಿದ್ದುಹೋಗುತ್ತವೆ.

ಉಳಿದ ಠಾವುಗಳ ಪರೀಕ್ಷೆಗೆ ಟ್ಯೂರಿಂಗರು 'ಬಾಂಬ್' ಎಂಬ ಹೆಸರಿನ ಯಂತ್ರವನ್ನು ಯೋಜಿಸಿದರು. ಹೆಸರು ಪೋಲೆಂಡಿನವರ ಹಳೆಯ ಯಂತ್ರದಿಂದ ಬಂದುದು. ಸ್ಫೋಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆರಲ್ಡ್ ಕೀನ್ ಎಂಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ತಯಾರಾದ ಮೊದಲನೆಯ ಯಂತ್ರವು 1940ನೆಯ ಮಾರ್ಚಿಯಲ್ಲಿ ಬ್ಲೆಚ್ಲೀಗೆ ಬಂತು. ಗಾರ್ಡನ್ ವೆಲ್ಚ್‌ಮನ್ನರು ಸೂಚಿಸಿದ ಸುಧಾರಣೆಯೊಡನೆ ಎರಡನೆಯದು ಅದೇ ಆಗಸ್ಟಿನಲ್ಲಿ ಬಂತು. ಮೂರು ಚಕ್ರಗಳು ನಿಲ್ಲಬಹುದಾದ 17,576 ಸ್ಥಿತಿಗಳನ್ನೂ ಈ ಯಂತ್ರವು ಸುಮಾರು 20 ನಿಮಿಷಗಳಲ್ಲಿ ತಿರುಗಿಸಿ ನೋಡುತ್ತಿತ್ತು. ಸರಿಯಾದ ಸ್ಥಿತಿ ಯಾವುದೆಂದು ಅದು ನೇರವಾಗಿ ಹುಡುಕುತ್ತಿರಲಿಲ್ಲ. ಒಂದು ಊಹೆಯಿಂದ ಹೊರಟು ಪರಸ್ಪರ ವಿರೋಧ ಕಂಡರೆ ಆ ಸ್ಥಿತಿಯನ್ನು ತಳ್ಳಿ ಮುಂದೆ ಹೋಗುತ್ತಿತ್ತು. ತಳ್ಳಲಾಗದ ಸ್ಥಿತಿ ಎದುರಾದಾಗ ನಿಲ್ಲುತ್ತಿತ್ತು. ಹಾಗೆ ನಿಂತುದನ್ನು ಮನುಷ್ಯರು ಪರೀಕ್ಷಿಸುತ್ತಿದ್ದರು. ಯುದ್ಧದ ಕೊನೆಗೆ ಇಂತಹ ಯಂತ್ರಗಳು 200ಕ್ಕೂ ಮಿಕ್ಕಿದ್ದವು. ಅವುಗಳನ್ನು ಹಗಲಿರುಳು ನಡೆಸಿದವರಲ್ಲಿ ಹೆಚ್ಚಿನವರು ನೌಕಾದಳದ ತರುಣಿಯರು.

ಕಡಲಿನ ಕಾಳಗ

ದ್ವೀಪವಾದ ಬ್ರಿಟನ್ನಿಗೆ ಅನ್ನ, ಎಣ್ಣೆ, ಆಯುಧಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಬರಬೇಕಾಗಿತ್ತು. ಜರ್ಮನ್ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸುತ್ತಿದ್ದವು. ಜರ್ಮನ್ ನೌಕಾದಳದ ಎನಿಗ್ಮಾ ಎಲ್ಲಕ್ಕಿಂತ ಕಠಿಣವಾದುದು. ಅದನ್ನು ಯಾರೂ ಕೈಗೆತ್ತಿಕೊಳ್ಳದಿದ್ದಾಗ ಟ್ಯೂರಿಂಗರು ಕೈಗೆತ್ತಿಕೊಂಡು 8ನೆಯ ಗುಡಿಸಿಲೆಂದು ಹೆಸರಾದ ವಿಭಾಗದ ನಾಯಕರಾದರು. 1941ರಲ್ಲಿ ಶತ್ರುಹಡಗುಗಳಿಂದ ವಶವಾದ ಸಂಕೇತಪುಸ್ತಕಗಳೂ ಅವರ ವಿಧಾನಗಳೂ ಸೇರಿ ಸಂದೇಶಗಳು ಬಿಡಿಸಲ್ಪಡತೊಡಗಿದವು. ಜಲಾಂತರ್ಗಾಮಿಗಳಿರುವ ಎಡೆಯನ್ನು ತಿಳಿದು ಹಡಗುಗಳನ್ನು ಬೇರೆ ದಾರಿಯಲ್ಲಿ ಕಳುಹಿಸಲು ಅನುಕೂಲವಾಯಿತು.

ಆದರೆ ಕೆಲಸಕ್ಕೆ ತಕ್ಕಷ್ಟು ಜನರಿರಲಿಲ್ಲ. ಮೇಲಧಿಕಾರಿಗಳಿಗೆ ಹೇಳಿ ಫಲ ಕಾಣದೆ, 1941ನೆಯ ಅಕ್ಟೋಬರದಲ್ಲಿ ಟ್ಯೂರಿಂಗರೂ ಮೂವರು ಸಹೋದ್ಯೋಗಿಗಳೂ ನೇರವಾಗಿ ಪ್ರಧಾನಮಂತ್ರಿ ಚರ್ಚಿಲ್ಲರಿಗೆ ಪತ್ರ ಬರೆದರು. ಚರ್ಚಿಲ್ಲರು ಕೂಡಲೇ ಬೇಕಾದುದನ್ನೆಲ್ಲ ಒದಗಿಸುವಂತೆ ಆಜ್ಞಾಪಿಸಿದರು.

1942ನೆಯ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ಕಿನ ಜಲಾಂತರ್ಗಾಮಿಗಳು ನಾಲ್ಕು ಚಕ್ರಗಳ ಎನಿಗ್ಮಾವನ್ನು ಬಳಸತೊಡಗಿದಾಗ ಮತ್ತೆ ಕತ್ತಲೆ ಕವಿಯಿತು. ಹತ್ತು ತಿಂಗಳ ಕಾಲ ದಾರಿ ಕಾಣಲಿಲ್ಲ. ಅಕ್ಟೋಬರ್ 30ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗುತ್ತಿದ್ದ ಯು-559 ಎಂಬ ಜಲಾಂತರ್ಗಾಮಿಯೊಳಗೆ ಇಳಿದು ಸಂಕೇತಪುಸ್ತಕಗಳನ್ನು ಮೇಲೆತ್ತಿ ಕೊಟ್ಟ ಟೋನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್ ಎಂಬ ಬ್ರಿಟಿಷ್ ನಾವಿಕರಿಬ್ಬರು ಅದರೊಡನೆಯೇ ಜಲಸಮಾಧಿಯಾದರು. ಆ ಪುಸ್ತಕಗಳಲ್ಲೊಂದು ಹವಾಮಾನ ವರದಿಗಳ ಸಂಕ್ಷಿಪ್ತ ಸಂಕೇತಗಳದು. ಅದರ ನೆರವಿನಿಂದ ಊಹೆಯ ತುಣುಕುಗಳು ಮತ್ತೆ ದೊರೆತು ಡಿಸೆಂಬರಿನಲ್ಲಿ ಬೀಗ ತೆರೆಯಿತು. ಕಾಗದದ ಮೇಲಣ ಒಂದು ಪದದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂತಹ ಧೀಮಂತರು ಲೋಕವ್ಯವಹಾರದಲ್ಲಿ ಮಗುವಿನಂತಿದ್ದರು. ಚಹದ ಮಗ್ಗನ್ನು ಯಾರೂ ಒಯ್ಯದಿರಲೆಂದು ಸರಪಳಿಯಿಂದ ಬಿಗಿದಿಡುತ್ತಿದ್ದರು. ಹೂವಿನ ಧೂಳಿನಿಂದ ಸೀನು ಬರುವುದೆಂದು ವಿಷಾನಿಲದ ಮುಖವಾಡ ಧರಿಸಿ ಸೈಕಲ್ ಹೊಡೆಯುತ್ತಿದ್ದರು. ಜರ್ಮನರು ದಂಡೆತ್ತಿ ಬಂದರೆ ಬ್ಯಾಂಕಿನ ಹಣ ಉಳಿಯದೆಂದು ಬೆಳ್ಳಿಯ ಗಟ್ಟಿಗಳನ್ನು ಕೊಂಡು ಬ್ಲೆಚ್ಲೀಯ ಸಮೀಪ ಹೂತಿಟ್ಟು, ಠಾವಿನ ಗುರುತನ್ನು ಗುಪ್ತಲಿಪಿಯಲ್ಲಿ ಬರೆದಿಟ್ಟುಕೊಂಡರು. ಯುದ್ಧದ ಬಳಿಕ ಎಷ್ಟು ಅಗೆದರೂ ಅದು ಸಿಗಲಿಲ್ಲ!

ಯುದ್ಧಾನಂತರ

1945ರಲ್ಲಿ ಟ್ಯೂರಿಂಗರು ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿ ಎ.ಸಿ.ಇ. ಎಂಬ ವಿದ್ಯುನ್ಮಾನ ಗಣಕಯಂತ್ರದ ಯೋಜನೆಯನ್ನು ಸಿದ್ಧಪಡಿಸಿದರು. ಕೆಲಸದ ಮಂದಗತಿಯಿಂದ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಗಣಕಯಂತ್ರವನ್ನು ಬಳಸುವವರಿಗಾಗಿ ಪ್ರೋಗ್ರಾಮು ಬರೆಯುವ ಕೈಪಿಡಿಯನ್ನು ರಚಿಸಿದರು. ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು ಕುರಿತ ಅವರ ಪ್ರಸಿದ್ಧ ಲೇಖನವು 1950ರಲ್ಲಿ ಪ್ರಕಟವಾಯಿತು. ಓಟದಲ್ಲಿಯೂ ನಿಪುಣರಾಗಿದ್ದ ಅವರು 1947ರಲ್ಲಿ ಮ್ಯಾರಥಾನ್ ದೂರವನ್ನು 2 ಗಂಟೆ 46 ನಿಮಿಷಗಳಲ್ಲಿ ಓಡಿದ್ದರು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

1952ರಲ್ಲಿ ವಿಪತ್ತು ಬಂದೊದಗಿತು. ಮನೆಯಲ್ಲಿ ಕಳವಾಯಿತೆಂದು ಪೋಲೀಸರಿಗೆ ದೂರಿತ್ತ ಟ್ಯೂರಿಂಗರು, ವಿಚಾರಣೆಯ ಕಾಲದಲ್ಲಿ ಪುರುಷನೊಬ್ಬನೊಡನೆ ತಮಗಿದ್ದ ಸಂಬಂಧವನ್ನು ಮುಚ್ಚಿಡದೆ ಒಪ್ಪಿಕೊಂಡರು. 1885ರ ಕಾನೂನಿನಂತೆ ಅದು ಅಪರಾಧವಾಗಿತ್ತು. ಸೆರೆಮನೆ ಅಥವಾ ಸ್ತ್ರೀಹಾರ್ಮೋನಿನ ಚುಚ್ಚುಮದ್ದು ಎಂಬ ಎರಡು ದಾರಿಗಳಲ್ಲಿ ಅವರು ಎರಡನೆಯದನ್ನು ಆರಿಸಿಕೊಂಡು ಒಂದು ವರ್ಷ ಆ ಹಿಂಸೆಯನ್ನು ಅನುಭವಿಸಿದರು. ಯುದ್ಧಕಾಲದಲ್ಲಿ ರಾಜ್ಯದ ಪರಮ ರಹಸ್ಯಗಳನ್ನು ಕಾಪಾಡಿದವರಿಗೆ ಗುಪ್ತಕಾರ್ಯದ ಬಾಗಿಲು ಮುಚ್ಚಿತು. ಅವರು ಮಾಡಿದ್ದ ಸೇವೆಯು ಗುಪ್ತವಾಗಿದ್ದುದರಿಂದ ನ್ಯಾಯಾಸ್ಥಾನದಲ್ಲಿ ಅದನ್ನು ಬಿಚ್ಚಿ ಹೇಳುವಂತೆಯೂ ಇರಲಿಲ್ಲ.

1954ನೆಯ ಜೂನ್ 7ರಂದು ವಿಲ್ಮ್ಸ್‌ಲೋ ಎಂಬಲ್ಲಿಯ ತಮ್ಮ ಮನೆಯಲ್ಲಿ ಸಯನೈಡ್ ವಿಷದಿಂದ ಅವರು ಮರಣ ಹೊಂದಿದರು. ಆತ್ಮಹತ್ಯೆಯೆಂದು ವಿಚಾರಣಾಧಿಕಾರಿಯ ತೀರ್ಪಾಯಿತು. ಮನೆಯಲ್ಲಿ ನಡೆಸುತ್ತಿದ್ದ ರಸಾಯನ ಪ್ರಯೋಗದಲ್ಲಿ ಸಂಭವಿಸಿದ ಆಕಸ್ಮಿಕವೆಂದೇ ತಾಯಿ ನಂಬಿದ್ದರು. ಆಕೆ 1959ರಲ್ಲಿ ಮಗನ ಜೀವನಚರಿತ್ರೆಯನ್ನು ಪ್ರಕಟಿಸಿದಾಗಲೂ ಎನಿಗ್ಮಾದ ಕಥೆ ಬಹಿರಂಗವಾಗಿರಲಿಲ್ಲ. ಅದು ಲೋಕಕ್ಕೆ ವ್ಯಾಪಕವಾಗಿ ತಿಳಿದದ್ದು 1974ರ ಬಳಿಕ. 2009ರಲ್ಲಿ ಪ್ರಧಾನಮಂತ್ರಿ ಗಾರ್ಡನ್ ಬ್ರೌನರು ಸರಕಾರದ ಪರವಾಗಿ ಕ್ಷಮೆ ಯಾಚಿಸಿದರು. 2013ರಲ್ಲಿ ರಾಣಿಯ ಕ್ಷಮಾದಾನ ದೊರೆಯಿತು. 2021ನೆಯ ಜೂನ್ 23ರಂದು ಅವರ ಭಾವಚಿತ್ರವುಳ್ಳ 50 ಪೌಂಡಿನ ನೋಟು ಚಲಾವಣೆಗೆ ಬಂತು. ಬ್ರಿಟಿಷರು ಅದೇ ಬಗೆಯ ಶಿಕ್ಷೆಯನ್ನು 1860ರ ದಂಡಸಂಹಿತೆಯ 377ನೆಯ ಕಲಮಿನ ಮೂಲಕ ನಮ್ಮ ದೇಶಕ್ಕೂ ಹಾಕಿಹೋಗಿದ್ದರು. ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಸಂಬಂಧವು ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತುದು 2018ನೆಯ ಸೆಪ್ಟೆಂಬರ್ 6ರಂದು.

ಉಳಿದು ಬಂದ ವಿದ್ಯೆ

ಬರಹದಲ್ಲಿ ಪದವನ್ನು ಶೀಘ್ರವಾಗಿ ಹುಡುಕುವ ಎರಡು ಹೆಸರಾಂತ ಕ್ರಮಗಳು 1977ರಲ್ಲಿ ಪ್ರಕಟವಾದುವು. ಒಂದು ಕ್ನುತ್, ಮಾರಿಸ್, ಪ್ರಾಟ್ ಎಂಬ ಮೂವರದು. ಇನ್ನೊಂದು ಬಾಯರ್ ಮತ್ತು ಮೂರ್ ಎಂಬಿಬ್ಬರದು. ಇವು ಟ್ಯೂರಿಂಗರು ಮಾಡಿದುವಲ್ಲ. ಆದರೂ ತತ್ತ್ವದಲ್ಲಿ ನಂಟಿದೆ. ಎರಡನೆಯ ಕ್ರಮದಲ್ಲಿ 'ಸಮರ'ವನ್ನು ಹುಡುಕುವಾಗ ಮೊದಲಕ್ಷರವನ್ನು ಬಿಟ್ಟು ಕೊನೆಯದನ್ನೇ ಮೊದಲು ಹೋಲಿಸುತ್ತಾರೆ. ಬರಹದ ಮೂರನೆಯ ಅಕ್ಷರವು 'ಲ' ಆಗಿದ್ದರೆ, 'ಲ'ವು ಆ ಪದದಲ್ಲಿಯೇ ಇಲ್ಲದ್ದರಿಂದ, ಮೂರು ಮನೆಗಳನ್ನು ಒಂದೇ ಸಲ ದಾಟಬಹುದು. ಇರಲಾರದ ಠಾವುಗಳನ್ನು ನೋಡದೆಯೇ ಬಿಡುವುದರಿಂದ ವೇಗ ಬರುತ್ತದೆ.

ಟ್ಯೂರಿಂಗರ ಯಂತ್ರವು ಒಂದು ಠಾವನ್ನು ತಳ್ಳಬೇಕಾದರೆ ಕಾರಣ ತೋರಿಸಿ ತಳ್ಳುತ್ತಿತ್ತು. ವಿರೋಧ ಕಾಣದಿದ್ದರೆ ನಿಂತು, ಮನುಷ್ಯರು ಇನ್ನೊಮ್ಮೆ ನೋಡಲೆಂದು ಕಾಯುತ್ತಿತ್ತು. ಅವರ ಕಾಲದ ಕಾನೂನು ಅವರಿಗೆ ಅಷ್ಟು ವಿವೇಚನೆಯನ್ನು ತೋರಿಸಲಿಲ್ಲ. ತನ್ನನ್ನು ಕಾಯ್ದವನು ಯಾರೆಂದು ನೋಡದೆಯೇ ಸಲ್ಲದವನೆಂದು ತಳ್ಳಿಬಿಟ್ಟಿತು. ಮನುಷ್ಯರನ್ನು ಕುರಿತು 'ಇಲ್ಲ', 'ಸಲ್ಲ' ಎನ್ನುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೆಲ್ಲರೂ ಆ ಮಾತನ್ನಾಡುವ ಮುಂಚೆ ಪೂರ್ತಿಯಾಗಿ ನೋಡಿರಬೇಕೆಂಬುದೇ ಈ ಮಹನೀಯರ ಬಾಳಿನಿಂದ ನಾವು ಕಲಿಯಬೇಕಾದ ಪಾಠವೆಂದು ನಮ್ಮ ಭಾವನೆ.